ಯೂಕಿ ಆಡದ ಮಾತು

ಮಿನಮಾಟದ ಯೂಕಿ ಆ ಮಾತುಗಳನ್ನು ಹಾಗೆ ಆಡಿರಲಿಲ್ಲ ಎಂಬುದು ಗೊತ್ತಾದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮಿನಮಾಟ ಜಪಾನಿನ ಒಂದು ಕರಾವಳಿ ಊರು. ಚಿಸ್ಸೊ ಎಂಬ ಕಂಪನಿಯ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ, ಮೀನಿನ ಮೂಲಕ ಅಲ್ಲಿನ ಜನರ ಮೈ ಸೇರಿ ನರಗಳನ್ನು ಕೆಡಿಸಿತು. ಆ ರೋಗಿಗಳ ಬಗ್ಗೆ ಇಶಿಮುರೆ ಮಿಚಿಕೊ ಬರೆದ ‘ಕುಗಾಯ್ ಜೋದೊ’ ಎಂಬ ಪುಸ್ತಕದಲ್ಲಿ ಯೂಕಿ ಎಂಬ ಮೀನುಗಾರ ಹೆಂಗಸು ಆಸ್ಪತ್ರೆಯ ಹಾಸಿಗೆಯಿಂದ ಪುಟಗಟ್ಟಲೆ ಮಾತನಾಡುತ್ತಾಳೆ. ಗಂಡ ಮೋಹೆಯ ಜೊತೆ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದದ್ದು, ಮಡಕೆಯೊಳಗೆ ಹೊಕ್ಕ ಆಕ್ಟೋಪಸ್ ಹೊರಗೆ ಬಾರದೆ ಹಟ ಹಿಡಿಯುತ್ತಿದ್ದದ್ದು, ಸಮುದ್ರದ ತಳದಲ್ಲೂ ಋತುಗಳು ಬಂದುಹೋಗುವುದು, ಎಲ್ಲವನ್ನೂ ಹೇಳುತ್ತಾಳೆ. ಆಕೆಯ ಕೈ ಈಗ ಚಾಪ್‌ಸ್ಟಿಕ್ ಹಿಡಿಯಲಾರದು, ನಾಲಿಗೆ ಹೊರಳದು. ಅಧ್ಯಾಯದ ಹೆಸರಿನ ಅರ್ಥವೇ ‘ಯೂಕಿಯಿಂದ ಕೇಳಿ ಬರೆದದ್ದು’ ಎಂದು. 1969ರ ಜನವರಿಯಲ್ಲಿ ಪುಸ್ತಕ ಹೊರಬಂದಾಗ ಓದಿದವರು ಸಹಜವಾಗಿಯೇ ಇದನ್ನು ಸಾಕ್ಷ್ಯವೆಂದು ತೆಗೆದುಕೊಂಡರು: ಲೇಖಕಿ ರೋಗಿಯ ಪಕ್ಕದಲ್ಲಿ ಕುಳಿತು, ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದಾರೆ. ಮರುವರ್ಷ ಓಯಾ ಸೋಯಿಚಿ ಹೆಸರಿನಲ್ಲಿ ಆಗಷ್ಟೇ ಶುರುವಾಗಿದ್ದ, ಕಥೇತರ ಬರಹಕ್ಕೆ ಮೀಸಲಾದ ಪ್ರಶಸ್ತಿಗೆ ಈ ಪುಸ್ತಕವನ್ನು ಆರಿಸಿದರು. ಇಶಿಮುರೆ ಪ್ರಶಸ್ತಿ ತೆಗೆದುಕೊಳ್ಳಲಿಲ್ಲ.

ವಿಷಯವನ್ನು ಬಿಚ್ಚಿಟ್ಟವರು ವತನಾಬೆ ಕ್ಯೋಜಿ. ಕುಮಾಮೊಟೊದಿಂದ ಹೊರಡುತ್ತಿದ್ದ ತಮ್ಮ ಸಣ್ಣ ಪತ್ರಿಕೆಯಲ್ಲಿ 1965ರಿಂದ ಈ ಬರಹವನ್ನು ಕಂತು ಕಂತಾಗಿ ಅಚ್ಚು ಹಾಕಿದ ಸಂಪಾದಕರು ಅವರೇ. 1972ರ ಅಗ್ಗದ ಆವೃತ್ತಿಗೆ ಬರೆದ ಹಿನ್ನುಡಿಯಲ್ಲಿ ಅವರು ನೇರವಾಗಿ ಹೇಳಿದರು: ಇದು ಕೇಳಿ ಬರೆದ ವರದಿ ಅಲ್ಲ, ಇಶಿಮುರೆ ತಮ್ಮದೇ ಒಳಬದುಕಿನಿಂದ ತೆಗೆದ ಕಾದಂಬರಿ. ರೋಗಿಗಳ ಮನೆಗೆ ಪದೇ ಪದೇ ಹೋಗಿ ಟಿಪ್ಪಣಿ ಮಾಡಿಕೊಂಡದ್ದೂ ಇಲ್ಲ. ಇದನ್ನು ಕೇಳಿದಾಗ ಇಶಿಮುರೆ ಕೊಟ್ಟ ಉತ್ತರವನ್ನೂ ವತನಾಬೆ ದಾಖಲಿಸಿದ್ದಾರೆ. ಆ ಮನುಷ್ಯರು ಮನಸ್ಸಿನೊಳಗೆ ಹೇಳಿಕೊಳ್ಳುತ್ತಿರುವುದನ್ನು ಅಕ್ಷರಕ್ಕೆ ಇಳಿಸಿದರೆ ಅದು ಹಾಗೆಯೇ ಆಗುತ್ತದಲ್ಲ, ಎಂದರಂತೆ.

ಈ ಉತ್ತರ ಓದಿದಾಗ ನನಗೆ ಮೈ ಜುಮ್ಮೆಂದಿತು, ಅದರ ಬೆನ್ನಿಗೇ ದಿಗಿಲೂ ಆಯಿತು. ಬೇರೊಬ್ಬರ ಮನಸ್ಸಿನೊಳಗಿನ ಮಾತು ತನಗೆ ಕೇಳುತ್ತದೆ ಎಂದು ಯಾರಾದರೂ ಹೇಳಿದರೆ ನಾವು ಸುಲಭವಾಗಿ ನಂಬಬಾರದು. ಅದೂ ಆ ಇನ್ನೊಬ್ಬರು ವಿಷ ತಿಂದ ಬಡವರಾಗಿದ್ದು, ಎದುರಿಗೆ ಕಾರ್ಖಾನೆ, ಸರ್ಕಾರ, ನ್ಯಾಯಾಲಯ ಇರುವಾಗ, ಆಡದ ಮಾತನ್ನು ಅವರ ಬಾಯಲ್ಲಿ ಇಡುವುದು ಸಣ್ಣ ಸಂಗತಿಯಲ್ಲ. ಹಾಗಿದ್ದೂ ‘ಕುಗಾಯ್ ಜೋದೊ’ಕ್ಕಿಂತ ಪ್ರಾಮಾಣಿಕವಾದ ಪುಸ್ತಕವನ್ನು ನಾನು ಓದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ಯೋಚಿಸುತ್ತಲೇ ಇದ್ದೇನೆ.

ಕಾಗದಗಳು ಆಡಿದ ಮಾತು

ಪುಸ್ತಕದಲ್ಲಿ ಯೂಕಿಯ ದನಿ ಒಂಟಿಯಾಗಿಲ್ಲ. ಅದರ ಅಕ್ಕಪಕ್ಕದಲ್ಲಿ ಕಾಗದಪತ್ರಗಳು ಕಂತೆಯಾಗಿ ಬರುತ್ತವೆ. ಚಿಸ್ಸೊ ಕಂಪನಿಯ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಹೊಸೊಕಾವ ಹಾಜಿಮೆ ಬರೆದ ವರದಿ ಇದೆ. 1956ರ ಮೇ 1ರಂದು ಈ ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು ಅವರ ಆಸ್ಪತ್ರೆಯಿಂದಲೇ. ವೈದ್ಯಕೀಯ ಟಿಪ್ಪಣಿಗಳಿವೆ: ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ದೃಷ್ಟಿಯ ಹರವು ಕುಗ್ಗಿರುವುದು, ಮಾತು ತೊದಲುವುದು. ಒಂದೊಂದೂ ಸರಿಯೇ. ಆದರೆ ಅವುಗಳಲ್ಲಿ ಒಂದೂ ಯೂಕಿಗೆ ಮತ್ತೆ ಹುಟ್ಟು ಹಿಡಿಯುವ ಆಸೆ ಇದೆ ಎಂದು ಹೇಳುವುದಿಲ್ಲ, ಹೇಳುವುದು ಅವುಗಳ ಕೆಲಸವೂ ಅಲ್ಲ.

ಎಲ್ಲಕ್ಕಿಂತ ಭಯಂಕರವಾದ ಕಾಗದ 1959ರ ಡಿಸೆಂಬರ್ 30ರದು. ಆ ವರ್ಷದ ಜುಲೈಯಲ್ಲೇ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ರೋಗಕ್ಕೆ ಸಾವಯವ ಪಾದರಸ ಕಾರಣವೆಂದು ಹೇಳಿತ್ತು. ಅಕ್ಟೋಬರ್‌ನಲ್ಲಿ ಹೊಸೊಕಾವ ಅವರ ಪ್ರಯೋಗದ 400ನೇ ಬೆಕ್ಕು, ಕಾರ್ಖಾನೆಯಲ್ಲಿ ಪಾದರಸ ಬಳಸುತ್ತಿದ್ದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ಘಟಕದ ಕೊಳಚೆನೀರು ಬೆರೆಸಿದ ಆಹಾರ ತಿಂದು ಅದೇ ರೋಗಕ್ಕೆ ಬಿದ್ದಿತ್ತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಬಿಡದೆ, ವರ್ಷ ಮುಗಿಯುವುದರೊಳಗೆ ರೋಗಿಗಳ ಕುಟುಂಬಗಳಿಂದ ಒಂದು ‘ಸಾಂತ್ವನ ಹಣ’ದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಸತ್ತವರಿಗೆ 3 ಲಕ್ಷ ಯೆನ್, ಬದುಕಿರುವ ವಯಸ್ಕರಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ ವರ್ಷಕ್ಕೆ 30 ಸಾವಿರ. ಮುಂದೆ ಕಾರ್ಖಾನೆಯ ನೀರೇ ಕಾರಣವೆಂದು ಸಾಬೀತಾದರೂ ಹೊಸ ಪರಿಹಾರ ಕೇಳುವುದಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಇಶಿಮುರೆ ಈ ಮೊತ್ತಗಳನ್ನು ಹಾಗೆಯೇ ಸಾಲಾಗಿ ಬರೆಯುತ್ತಾರೆ. ದೊಡ್ಡವರ ಜೀವ ಇಷ್ಟು, ಮಕ್ಕಳ ಜೀವ ಇಷ್ಟು, ಸತ್ತವರ ಜೀವ ಇಷ್ಟು. ಬುದ್ಧನ ನಾಮಸ್ಮರಣೆಯ ಬದಲು ಇನ್ನು ಮುಂದೆ ಇದನ್ನೇ ಜಪಿಸುತ್ತೇನೆ ಎನ್ನುತ್ತಾರೆ. ಆ ಸಾಲನ್ನು ದಾಟಿ ಮುಂದೆ ಓದುವುದು ಕಷ್ಟ.

ಆ ಸಹಿಯ ಶಾಯಿ ಒಣಗುವ ಮೊದಲೇ, 1960ರ ಜನವರಿಯಲ್ಲಿ, ಯೂಕಿಯ ದನಿಯ ಮೊದಲ ರೂಪ ಅಚ್ಚಾಯಿತು. ತನಿಗಾವ ಗಾನ್ ಮತ್ತು ಗೆಳೆಯರು ಉತ್ತರ ಕ್ಯೂಶೂವಿನ ಗಣಿ ಕಾರ್ಮಿಕರ ನಡುವೆ ನಡೆಸುತ್ತಿದ್ದ ಪತ್ರಿಕೆಯಲ್ಲಿ, ‘ವಿಚಿತ್ರ ರೋಗ’ ಎಂಬ ತಲೆಬರಹದಡಿ. ಒಂದು ಕಡೆ ಈ ಜನ ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಬರೆದ ಪತ್ರ, ಅದೂ ಅವರದೇ ಸಹಿಯೊಂದಿಗೆ. ಇನ್ನೊಂದು ಕಡೆ ಒಬ್ಬ ಶಾಲಾ ಮಾಸ್ತರರ ಹೆಂಡತಿ ಬರೆದ, ಯಾರ ಸಹಿಯೂ ಇಲ್ಲದ ಯೂಕಿಯ ಮಾತು. ಎರಡರಲ್ಲಿ ಯಾವುದು ಕಟ್ಟುಕಥೆ? ಕುಮಾಮೊಟೊದ ನ್ಯಾಯಾಲಯ 1973ರ ಮಾರ್ಚ್ 20ರಂದು ರೋಗಿಗಳ ಪರವಾಗಿ ತೀರ್ಪು ಕೊಟ್ಟಾಗ ಆ ಒಪ್ಪಂದ ನೀತಿಗೆ ವಿರುದ್ಧವಾದದ್ದು, ಅಸಿಂಧು ಎಂದಿತು. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಲ್ಲಿ ರೋಗಿಗಳದೇ ಮಾತಾಗಿತ್ತು.

ಊಹೆ ಸೇರಿಸಿಕೊಂಡು ಕೇಳುವುದು

ಯೂಕಿಯ ಮಾತು ಶುರುವಾಗುವ ಜಾಗವನ್ನು ನಿಧಾನವಾಗಿ ನೋಡಬೇಕು. ಮೊದಲ ಸಾಲುಗಳಲ್ಲಿ ಆಕೆ ತೊದಲುತ್ತಾಳೆ. ಒಂದೊಂದು ಪದವೂ ತುಂಡಾಗಿ, ನಡುನಡುವೆ ವಿರಾಮ ಚಿಹ್ನೆಗಳಿಂದ ಕತ್ತರಿಸಿ ಬಿದ್ದಿವೆ. ನನ್ನ ಬಾಯಿ ಸರಿಯಾಗಿ ಹೊರಳುವುದಿಲ್ಲ, ನೀವೇ ಊಹೆ ಸೇರಿಸಿಕೊಂಡು ಕೇಳಿ, ಎನ್ನುತ್ತಾಳೆ. ಅದರ ಹಿಂದೆಯೇ, ಸಮುದ್ರದ ಮೇಲೆ ಇದ್ದಾಗ ನಿಜವಾಗಿಯೂ ಚೆನ್ನಾಗಿತ್ತು, ಎನ್ನುತ್ತಾಳೆ. ಅಲ್ಲಿಂದ ಕೆಲವೇ ಸಾಲು, ತೊದಲು ಕರಗಿಹೋಗುತ್ತದೆ. ಮಾತು ಮಿನಮಾಟ, ಅಮಕುಸದ ಕರಾವಳಿಯ ಆಡುನುಡಿಯಲ್ಲಿ ಧಾರಾಳವಾಗಿ ಹರಿಯತೊಡಗುತ್ತದೆ. ಲೇಖಕಿ ಏನನ್ನೂ ಮುಚ್ಚಿಡಲಿಲ್ಲ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ. ರೋಗಿಯ ಬಾಯಿಂದ ಕಿವಿಗೆ ಬಿದ್ದದ್ದು ಇಷ್ಟು, ಇಲ್ಲಿಂದಾಚೆಗೆ ನಾನು ಸೇರಿಸಿದ್ದು ಎಂದು ಗೆರೆ ಎಳೆದು ತೋರಿಸಿದ ಹಾಗೆಯೇ ಇದೆ. ಸೇರಿಸಿಕೊಳ್ಳಿ ಎಂದವಳು ಯೂಕಿಯೇ.

ನನ್ನ ದೊಡ್ಡಮ್ಮನಿಗೆ ಲಕ್ವ ಹೊಡೆದು ಮಾತು ನಿಂತಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವರು ಅವರ ಸೊಸೆ, ನನ್ನ ಅತ್ತಿಗೆ. ದೊಡ್ಡಮ್ಮನ ಬಾಯಿಂದ ಬರುತ್ತಿದ್ದದ್ದು ಒಂದೇ ಬಗೆಯ ಸದ್ದು, ಅದೂ ಎಡಗಡೆಯಿಂದ. ಅತ್ತಿಗೆ ಒಂದು ಗಳಿಗೆಯೂ ತಡೆಯದೆ ಹೇಳುತ್ತಿದ್ದರು: “ಕರುವಿಗೆ ಹಾಲು ಬಿಟ್ಟು ಕರೆದಿರಾ ಅಂತ ಕೇಳುತ್ತಿದ್ದಾರೆ.” ಇನ್ನೊಮ್ಮೆ ಅದೇ ಸದ್ದಿಗೆ, “ಆ ನರ್ಸ್ ಬೇಡವಂತೆ, ಸೂಜಿ ನೋವಾಗುತ್ತದಂತೆ.” ಸುತ್ತಿನ ವೇಳೆ ಬಂದ ಡಾಕ್ಟರು ನಂಬಲಾರದೆ ನೋಡುತ್ತಿದ್ದರು. ಆದರೆ ಅತ್ತಿಗೆ ಹಾಗೆ ಹೇಳಿದ ಕೂಡಲೇ ದೊಡ್ಡಮ್ಮನ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು, ಬಲಗೈ ಚಾದರದ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಮುಂಬಯಿಯಿಂದ ಬಂದ ಮಗಳು ಒಂದು ದಿನ ಕೂತು, “ಅಮ್ಮ ನನ್ನನ್ನು ಊರಿಗೇ ಬಂದು ಇರು ಅನ್ನುತ್ತಿದ್ದಾಳೆ” ಎಂದಳು. ದೊಡ್ಡಮ್ಮ ಮುಖವನ್ನು ಗೋಡೆಗೆ ತಿರುಗಿಸಿದರು. ಮಗಳಿಗೆ ಪ್ರೀತಿ ಕಡಿಮೆ ಇತ್ತು ಎಂದು ನಾನು ಹೇಳುವುದಿಲ್ಲ. ಅವಳು ತನ್ನ ಮನಸ್ಸನ್ನು ಕೇಳಿಸಿಕೊಂಡು ಅದನ್ನು ಅಮ್ಮನದು ಎಂದುಕೊಂಡಿದ್ದಳು. ಅತ್ತಿಗೆಗೆ ಆ ಕೊಟ್ಟಿಗೆ, ಆ ಕರು, ದೊಡ್ಡಮ್ಮ ಬೆಳಿಗ್ಗೆ ಎದ್ದು ಯಾವ ಕ್ರಮದಲ್ಲಿ ಏನೇನು ಮಾಡುತ್ತಿದ್ದರು ಎಂಬುದೆಲ್ಲ ಗೊತ್ತಿತ್ತು.

ಹೀಗೆ ಹೇಳಿದ ಮೇಲೆ ಒಂದು ತೊಡಕು ಎದುರಾಗುತ್ತದೆ. ಅತ್ತಿಗೆ ಅದೇ ಮನೆಯಲ್ಲಿದ್ದವರು. ಇಶಿಮುರೆ ಯೂಕಿಯ ಜೊತೆ ಬಾಳಿದವರಲ್ಲ, ಮೀನುಗಾರರ ಮನೆಯಲ್ಲಿ ಹುಟ್ಟಿದವರೂ ಅಲ್ಲ. ಹಾಗಾದರೆ ಅವರಿಗೆ ಯೂಕಿಯ ಮನಸ್ಸು ತಿಳಿಯುವ ದಾರಿ ಯಾವುದಿತ್ತು?

ಒಮೊಕಾ ಅಜ್ಜಿಯ ಮೊಮ್ಮಗಳು

ಇಶಿಮುರೆ ಹುಟ್ಟಿದ್ದು 1927ರ ಮಾರ್ಚ್ 11ರಂದು, ಅಮಕುಸ ದ್ವೀಪದಲ್ಲಿ. ಬೆಳೆದದ್ದು ಶಿರನುಯಿ ಸಮುದ್ರದ ಈಚೆ ದಡದ ಮಿನಮಾಟದಲ್ಲಿ. ತಾತ ಕಲ್ಲುಕೆಲಸದ ಗುತ್ತಿಗೆದಾರ. ರಸ್ತೆ, ಕಟ್ಟೆ ಕಟ್ಟಿಸುತ್ತಾ ಸಾಲಕ್ಕೆ ಬಿದ್ದು ಮನೆ ಮುಳುಗಿತು. ಆ ಮನೆಯಲ್ಲಿ ಒಮೊಕಾ ಎಂಬ ಅಜ್ಜಿ ಇದ್ದರು, ಕಣ್ಣು ಕಾಣದವರು, ಬುದ್ಧಿ ಕದಡಿದವರು. ಹಗಲು ರಾತ್ರಿ ಎನ್ನದೆ ಮನೆ ಬಿಟ್ಟು ಬೀದಿಯಲ್ಲಿ ಅಲೆಯುತ್ತಿದ್ದರು. ಅವರನ್ನು ಕಾಯುವ ಕೆಲಸ ನಾಲ್ಕೈದು ವರ್ಷದ ಮೊಮ್ಮಗಳದು. 1976ರಲ್ಲಿ ಬಂದ ಬಾಲ್ಯದ ಕಥನದಲ್ಲಿ ಹಿಮ ಬೀಳುವ ರಾತ್ರಿಯೊಂದರಲ್ಲಿ ಹುಡುಗಿ ಅಜ್ಜಿಯನ್ನು ಹುಡುಕಿಕೊಂಡು ಹೋಗುವ ಭಾಗ ಇದೆ. ಅಜ್ಜಿ ಹೊರಗೆ ನಿಂತಿದ್ದಾರೆ, ಕೂದಲ ಮೇಲೆ ಹಿಮ. ಮಗು ಹತ್ತಿರ ಹೋಗಿ ಅಪ್ಪಿಕೊಳ್ಳುತ್ತದೆ. ಅಜ್ಜಿ ಮೊಮ್ಮಗಳನ್ನು ಮುಟ್ಟಿ ಗುರುತಿಸುತ್ತಾರೆ. ಇಬ್ಬರ ನಡುವೆ ನಡೆಯುವ ಮಾತಿಗೆ ಹೊರಗಿನವರ ಕಿವಿಯಲ್ಲಿ ಅರ್ಥವಿಲ್ಲ, ಆದರೆ ಇಬ್ಬರಿಗೂ ಅದು ಸಾಲುತ್ತದೆ.

ನನ್ನ ಮಟ್ಟಿಗೆ ಇಶಿಮುರೆಯ ಬರಹದ ಗುರುಕುಲ ಇದೇ. ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಯುದ್ಧಕಾಲದಲ್ಲಿ ಹದಿಹರೆಯದಲ್ಲೇ ಬದಲಿ ಶಿಕ್ಷಕಿಯಾದರು, 1947ರಲ್ಲಿ ಮದುವೆಯಾಯಿತು, ಮನೆಗೆಲಸದ ನಡುವೆ ತಂಕಾ ಪದ್ಯಗಳನ್ನು ಬರೆದರು. ಮಾತು ಕೆಟ್ಟುಹೋದ ಮನುಷ್ಯರ ಪಕ್ಕದಲ್ಲಿ ಇರುವುದನ್ನು, ಅವರು ಹೇಳುತ್ತಿರುವುದಕ್ಕೆ ಅರ್ಥ ಇದ್ದೇ ಇದೆ ಎಂದು ನಂಬಿ ಕಾಯುವುದನ್ನು ಮಾತ್ರ ಅವರು ಓದು ಬರಹಕ್ಕೂ ಮೊದಲೇ ಕಲಿತಿದ್ದರು.

1959ರ ಮೇ ತಿಂಗಳಲ್ಲಿ ಊರಿನ ಆಸ್ಪತ್ರೆಯ ವಿಶೇಷ ವಾರ್ಡಿಗೆ ಅವರು ಹೋದರು. ಅರ್ಧ ತೆರೆದ ಬಾಗಿಲಿನಿಂದ ಒಬ್ಬ ವೃದ್ಧ ಮೀನುಗಾರ ಕಂಡ. ಸಾಯುತ್ತಿದ್ದ ಅವನು ತನ್ನ ಎದೆಗೂಡಿನ ಮೇಲೆ ಒಂದು ಚಿತ್ರಕಥೆಯ ಪುಸ್ತಕವನ್ನು ನಿಲ್ಲಿಸಿಕೊಂಡಿದ್ದ. ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಅದು ಓದುವುದಕ್ಕಲ್ಲ. ಬಂದು ಹೋಗುವವರ ನೋಟಕ್ಕೆ ಅಡ್ಡಗೋಡೆ. ಇಶಿಮುರೆ ಆ ಅಡ್ಡಗೋಡೆಯನ್ನು ಮರೆಯಲಿಲ್ಲ. ತಾನು ಮನುಷ್ಯಳಾಗಿರುವುದೇ ಆ ಹೊತ್ತಿನಲ್ಲಿ ಅಸಹ್ಯವಾಯಿತು, ಸದ್ಗತಿ ಕಾಣದ ಅವನ ಜೀವ ಅಂದಿನಿಂದ ತನ್ನೊಳಗೆ ಬಂದು ನೆಲೆಸಿತು ಎಂದು ಬರೆದಿದ್ದಾರೆ. ನೋಡಬೇಡ ಎಂದವನ ಬಗ್ಗೆ ಬರೆಯುವುದಾದರೆ ಅವನ ಹಾಸಿಗೆಯ ಈಚೆ ನಿಂತು ಬರೆಯುವಂತಿಲ್ಲ. ಪುಸ್ತಕದ ಆಚೆ ಬದಿಗೆ, ಅವನ ಬದಿಗೆ ಹೋಗಬೇಕು. ಯೂಕಿಯ ಅಧ್ಯಾಯ ಯೂಕಿಯ ಬಾಯಲ್ಲೇ ಏಕಿದೆ ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಹತ್ತಿರದ ಕಾರಣ ಇದು.

ಒಳಗೆ ಹೋಗದ ಬಾಗಿಲು

ಹಾಗೆಂದು ಅವರು ಎಲ್ಲರ ಒಳಗೂ ನುಗ್ಗಲಿಲ್ಲ. ಪುಸ್ತಕ ತೆರೆದುಕೊಳ್ಳುವುದೇ ಕುಹೆಯ್ ಎಂಬ ಕಣ್ಣಿಲ್ಲದ ಹುಡುಗನಿಂದ. ಮನೆಯ ಮುಂದೆ ಒಬ್ಬನೇ ಬೇಸ್‌ಬಾಲ್ ಆಡುತ್ತಿದ್ದಾನೆ. ಬ್ಯಾಟಿನ ಬದಲು ಕೋಲು, ಚೆಂಡಿನ ಬದಲು ಕಲ್ಲು. ಬಗ್ಗಿ ನೆಲ ತಡವಿ ಕಲ್ಲು ಹುಡುಕಬೇಕು, ತೂರಾಡುವ ಕಾಲುಗಳ ಮೇಲೆ ನಿಲ್ಲಬೇಕು, ಕಲ್ಲನ್ನು ಮೇಲಕ್ಕೆ ಎಸೆದು ಕೋಲು ಬೀಸಬೇಕು. ತಪಾಸಣೆಗೆ ಕರೆದೊಯ್ಯುವ ಬಸ್ ರಸ್ತೆಯಲ್ಲಿ ಕಾಯುತ್ತಿದೆ. ಪುರಸಭೆಯ ನೌಕರ ಪುಸಲಾಯಿಸುತ್ತಾನೆ. ಹುಡುಗ ಬರುವುದಿಲ್ಲ, ಹೋದರೆ ಕೊಲ್ಲುತ್ತಾರೆ ಎನ್ನುತ್ತಾನೆ. ಅವನ ಅಕ್ಕ ಇದೇ ರೋಗಕ್ಕೆ ಬಲಿಯಾಗಿದ್ದಾಳೆ. ಇಲ್ಲಿ ಇಶಿಮುರೆ ಹುಡುಗನ ಮನಸ್ಸಿನ ಮಾತನ್ನು ಬರೆಯುವುದಿಲ್ಲ. ಅವನ ಬೆನ್ನನ್ನು ನೋಡುತ್ತಾ, ಕೋಲಿಗೆ ಕಲ್ಲು ತಾಗಿತೋ ಇಲ್ಲವೋ ಎಂದು ಕಾಯುತ್ತಾ ಹೊರಗೇ ನಿಲ್ಲುತ್ತಾರೆ. ಕುಹೆಯ್‌ಗೆ ತನ್ನ ನಿರಾಕರಣೆಯನ್ನು ಹೇಳಲು ಬರುತ್ತದೆ, ಅದನ್ನು ಯಾರೂ ಸೇರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮನೆಯಲ್ಲಿ ಮೊಕು ಎಂಬ ಹುಡುಗ, ತಾಯಿಯ ಹೊಟ್ಟೆಯಲ್ಲಿರುವಾಗಲೇ ವಿಷ ಉಂಡವನು. ಮಾತಿಲ್ಲ, ನಡಿಗೆಯಿಲ್ಲ. ಅಲ್ಲಿ ಮಾತನಾಡುವವನು ತಾತ. ಇವನು ಮಾತನಾಡಲಾರ, ಆದರೆ ಇವನ ಆತ್ಮ ಎಲ್ಲರಿಗಿಂತ ಆಳವಾದದ್ದು ಎನ್ನುತ್ತಾನೆ. ಅದೇ ತಾತ ಹಿಂದಿನ ದಿನಗಳನ್ನು ನೆನೆಯುತ್ತಾ, ಮೀನು ಆಕಾಶ ಕೊಡುವ ವಸ್ತು, ನಮಗೆ ಬೇಕಾದಷ್ಟನ್ನು ಪುಕ್ಕಟೆ ತೆಗೆದುಕೊಂಡು ಆ ದಿನ ಕಳೆಯುತ್ತೇವೆ, ಇದಕ್ಕಿಂತ ದೊಡ್ಡ ಸಿರಿ ಇನ್ನೆಲ್ಲಿದೆ ಎಂದು ಕೇಳುತ್ತಾನೆ. ಇಷ್ಟು ಸುಂದರವಾದ ಮಾತು ಬಂದಾಗ ನನಗೆ ಸ್ವಲ್ಪ ಅಳುಕಾಗುತ್ತದೆ. ಮಿನಮಾಟದ ಮೀನುಗಾರರೆಲ್ಲ ಹೀಗಿದ್ದರೇ? ಸಾಲ, ಜಗಳ, ಕುಡಿತ, ಪಕ್ಕದ ಮನೆಯವನಿಗೆ ರೋಗ ಬಂದಾಗ ಬಾಗಿಲು ಹಾಕಿಕೊಂಡವರು, ಇವರೆಲ್ಲ ಇರಲಿಲ್ಲವೇ? ಇದ್ದರು, ಪುಸ್ತಕದಲ್ಲೂ ಇದ್ದಾರೆ. ಆದರೂ ಸಮುದ್ರದ ಮೇಲಿನ ದಿನಗಳಿಗೆ ಇಶಿಮುರೆ ಕೊಟ್ಟ ಹೊಳಪು ಅವರ ಹಂಬಲದಿಂದ ಬಂದದ್ದು ಎಂಬುದನ್ನು ಒಪ್ಪಬೇಕು. ಕಳೆದುಹೋದದ್ದು ಏನು ಎಂದು ತೋರಿಸದೆ ನಷ್ಟ ಎಷ್ಟು ಎಂದು ಹೇಳಲಾಗದು ಎಂಬುದು ಅವರ ಪರವಾಗಿ ನಾನು ಕೊಡುವ ಉತ್ತರ. ಅದು ಪೂರ್ತಿ ಉತ್ತರವಲ್ಲ.

ಊರು ಬಿಡದವರು

ಅವರನ್ನು ಪ್ರಾದೇಶಿಕ ಲೇಖಕಿ ಎಂದು ಕರೆಯುವಾಗ ಟೋಕಿಯೋದ ವಿಮರ್ಶಕರು ಆಡುನುಡಿಯನ್ನೂ ಕರಾವಳಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಬರೆದ ಮೇಲೂ ಅವರು ಅಲ್ಲಿಯೇ ಉಳಿದದ್ದು. ಮಿನಮಾಟ ಚಿಸ್ಸೊದ ಊರು. 1908ರಲ್ಲಿ ಕಾರ್ಖಾನೆ ಬಂದಂದಿನಿಂದ ಊರಿನ ಸಂಬಳ, ತೆರಿಗೆ, ಪ್ರತಿಷ್ಠೆ ಎಲ್ಲ ಅದರಿಂದಲೇ. ರೋಗಿಗಳ ಪರವಾಗಿ ನಿಲ್ಲುವುದೆಂದರೆ ಅಂಗಡಿಯವನು, ನೆರೆಯವನು, ಬಂಧು, ಇವರೆಲ್ಲರ ಅನ್ನಕ್ಕೆ ಕಲ್ಲು ಹಾಕಿದವರು ಎನ್ನಿಸಿಕೊಳ್ಳುವುದು. 1968ರ ಜನವರಿಯಲ್ಲಿ ರೋಗಿಗಳ ಬೆಂಬಲಕ್ಕೆ ನಾಗರಿಕರ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಕಾರ್ಖಾನೆಯೇ ಕಾರಣ ಎಂದು ಸರ್ಕಾರ ಬಾಯಿಬಿಟ್ಟು ಒಪ್ಪಿದ್ದು ಆ ವರ್ಷದ ಸೆಪ್ಟೆಂಬರ್ 26ರಂದು. ಅಸಿಟಾಲ್ಡಿಹೈಡ್ ತಯಾರಿಕೆ ಹೇಗೂ ನಿಂತು ನಾಲ್ಕು ತಿಂಗಳಾಗಿತ್ತು. ಆಮೇಲೆ ಟೋಕಿಯೋದಲ್ಲಿ ಕಂಪನಿಯ ಕಚೇರಿಯ ಎದುರು ನಡೆದ ಧರಣಿಯಲ್ಲಿ ರೋಗಿಗಳ ಜೊತೆ ಕುಳಿತರು. ಚಳವಳಿಯ ಕಪ್ಪು ಬಾವುಟಗಳ ಮೇಲೆ ಒಡಲುರಿಯನ್ನು ಸೂಚಿಸುವ ಒಂದೇ ಅಕ್ಷರವನ್ನು ಬಿಡಿಸುವ ಯೋಚನೆ ಅವರದೇ. 1973ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮೂರು ಭಾಗಗಳ ‘ಕುಗಾಯ್ ಜೋದೊ’ದ ಮೂರನೆಯ ಭಾಗ 1974ರಲ್ಲೇ ಬಂದರೆ ಎರಡನೆಯ ಭಾಗ ಮುಗಿದದ್ದು 2004ರಲ್ಲಿ. ಒಂದು ಪುಸ್ತಕವನ್ನು ನಲವತ್ತು ವರ್ಷ ಮುಗಿಸದೆ ಹೊತ್ತುಕೊಂಡಿರುವುದು ಎಂದರೆ ಆ ಜನರ ಕೈ ಬಿಡದೆ ಇರುವುದೇ. ಅದೇ 2004ರಲ್ಲಿ, ಪಾದರಸದ ಕೆಸರನ್ನು ಹೂತು ಭರ್ತಿ ಮಾಡಿದ ಮಿನಮಾಟ ಕೊಲ್ಲಿಯ ನೆಲದ ಮೇಲೆ ಅವರು ಬರೆದ ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ಶೈಲಿಯ ನಾಟಕವನ್ನು ಆಡಲಾಯಿತು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗ ಅವರ ಕೈಯನ್ನೂ ನಡುಗಿಸಿತು. ಹಸ್ತಪ್ರತಿ ಶುದ್ಧ ಮಾಡಿಕೊಡುವುದರಿಂದ ಅಡುಗೆ ಮಾಡಿ ಬಡಿಸುವವರೆಗೆ ನೆರವಾದವರು ಅದೇ ವತನಾಬೆ. 2018ರ ಫೆಬ್ರುವರಿ 10ರಂದು, 90ನೇ ವಯಸ್ಸಿನಲ್ಲಿ, ಇಶಿಮುರೆ ತೀರಿಕೊಂಡರು.

ಎರಡನೆಯ ಭಾಗ ಕೊನೆಗೊಳ್ಳುವುದು ಒಸಾಕಾದ ಸಭಾಂಗಣವೊಂದರಲ್ಲಿ. 1970ರ ನವೆಂಬರ್ 28, ಚಿಸ್ಸೊದ ಷೇರುದಾರರ ಸಭೆ. ರೋಗಿಗಳು ತಲಾ ಒಂದೊಂದು ಷೇರು ಕೊಂಡು ಷೇರುದಾರರಾಗಿ ಒಳಗೆ ಬಂದಿದ್ದಾರೆ, ಯಾತ್ರಿಕರ ಬಿಳಿ ಉಡುಗೆ ತೊಟ್ಟು, ಗಂಟೆ ಬಾರಿಸಿ ಯಾತ್ರೆಯ ಹಾಡು ಹೇಳುತ್ತಾ. ಇಶಿಮುರೆಯೂ ಜೊತೆಗಿದ್ದಾರೆ. ತಂದೆ ತಾಯಿ ಇಬ್ಬರನ್ನೂ ಈ ರೋಗಕ್ಕೆ ಕಳೆದುಕೊಂಡ ಮಹಿಳೆಯೊಬ್ಬಳು ವೇದಿಕೆ ಏರಿ, ಕಂಪನಿಯ ಅಧ್ಯಕ್ಷನ ಕೋಟಿನ ಕಾಲರು ಹಿಡಿದು, ಸತ್ತವರ ಹೆಸರು ಬರೆದ ಹಲಗೆಗಳನ್ನು ಅವನ ಮುಖದೆದುರು ಚಾಚಿ, ಹೆತ್ತವರು, ಇಬ್ಬರೂ ಹೆತ್ತವರು ಎಂದು ಕೂಗುತ್ತಾಳೆ. ಆ ಹೊತ್ತಿಗೆ ಅವಳ ಪರವಾಗಿ ಮಾತನಾಡಲು ಲೇಖಕಿಯ ಅಗತ್ಯವಿರಲಿಲ್ಲ. ತ್ಸುಚಿಮೊಟೊ ನೊರಿಯಾಕಿಯ 1971ರ ಸಾಕ್ಷ್ಯಚಿತ್ರದಲ್ಲಿ ಆ ಸಭೆ ದಾಖಲಾಗಿದೆ. ಈಗಲೂ ನೋಡಬಹುದು, ಕೇಳಬಹುದು. ಯೂಕಿಯ ವಿಷಯದಲ್ಲಿ ಅಂಥದ್ದೇನೂ ಇಲ್ಲ. ಸಮುದ್ರದ ಮೇಲೆ ಚೆನ್ನಾಗಿತ್ತು ಎಂದು ಆಕೆ ತೊದಲಿದ್ದರ ಮುಂದಿನ ಮಾತು ಇಶಿಮುರೆ ಬರೆದ ಪುಟಗಳಲ್ಲಿ ಮಾತ್ರ ಇದೆ, ಮತ್ತು ನಾನು ಅದನ್ನು ಯೂಕಿಯದೆಂದೇ ಓದುತ್ತೇನೆ.